ಮಳೆಗೆ ಅಡ್ಡ ಕೂರುವ ಗಾಳಿಗುಡ್ಡ: ಮೊಬೈಲ್‌ನಲ್ಲೇ ಗುರುತಿಸಿ ಅಳೆಯೋದು ಹೇಗೆ?

2023ರ ಆಗಸ್ಟ್ ತಿಂಗಳು ನೆನಪಿದೆ ಅಲ್ವಾ? ಜುಲೈ ಕೊನೆ ವಾರದಲ್ಲಿ ಹೊಲದಿಂದ ನೀರು ಹೊರಗೆ ಹಾಕೋದೇ ಕೆಲಸ ಆಗಿತ್ತು. ಆಗಸ್ಟ್ ಶುರುವಾದ ಮೇಲೆ ಆಕಾಶಕ್ಕೆ ಯಾರೋ ಬೀಗ ಹಾಕಿದ ಹಾಗಾಯ್ತು. ಮನ್ನಳ್ಳಿಯ ನಮ್ಮ ಹೊಲದಲ್ಲಿ ನಾಲ್ಕು ಎಕರೆ ಸೋಯಾ ಹೂವಿಗೆ ಬಂದಿತ್ತು. ಪಕ್ಕದ ಒಂದು ಎಕರೆಯಲ್ಲಿ ಶುಂಠಿ. ಬೋರ್ ಮಾತ್ರ ಒಂದೇ.

ಆಗಸ್ಟ್ 9ಕ್ಕೆ ಮೊಬೈಲ್ ತೆಗೆದು ನೋಡಿದೆ, 16ಕ್ಕೆ ಮಳೆ ಅಂತ ತೋರಿಸ್ತು. ಒಂದು ವಾರ ತಾನೇ, ಸೋಯಾ ತಡ್ಕೊಳ್ಳುತ್ತೆ ಅಂತ ಎಲ್ಲಾ ನೀರನ್ನೂ ಶುಂಠಿಗೇ ಬಿಟ್ಟೆ. 12ಕ್ಕೆ ನೋಡಿದರೆ ಮಳೆ 19ಕ್ಕೆ ಹೋಗಿತ್ತು. 16ಕ್ಕೆ ನೋಡಿದರೆ 23ಕ್ಕೆ. ಸಾಲ ತಗೊಂಡವನು ‘ಬರೋ ಸೋಮವಾರ ಕೊಡ್ತೀನಿ’ ಅಂತ ಪ್ರತಿ ಸೋಮವಾರ ಹೇಳಿದ ಹಾಗೆ. ಬದುವಿನ ಆಚೆ ಕಡೆ ನಮ್ಮ ಕಾಕಾ ಎರಡನೇ ಸಲ ಎಡೆ ಹೊಡೀತಾ ಇದ್ರು. ನನ್ನ ಕೈಯಲ್ಲಿ ಮೊಬೈಲ್ ನೋಡಿ ನಕ್ಕರು. “ಅದನ್ನ ಕಿಸೇದಾಗ ಇಡೋ ತಮ್ಮಾ. ಗಾಳಿ ಒಣಾ ಬೀಸ್ಲಾಕತ್ತದ, ರಾತ್ರಿ ಚಿಕ್ಕಿ ಎಲ್ಲಾ ಕಾಣ್ಲಾಕತ್ತಾವ. ಇದು ಇಷ್ಟಕ್ಕ ಬಿಡಂಗಿಲ್ಲ.”

ಬಿಡಲಿಲ್ಲ. ಆ ಆಗಸ್ಟ್‌ನಲ್ಲಿ ಇಡೀ ದೇಶಕ್ಕೆ ಬಿದ್ದ ಮಳೆ 162.7 ಮಿ.ಮೀ. ವಾಡಿಕೆ 254.9 ಮಿ.ಮೀ. ಅಂದ್ರೆ ಶೇ. 36 ಕೊರತೆ. ಹವಾಮಾನ ಇಲಾಖೆಯ ದಾಖಲೆಯಲ್ಲಿ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಇನ್ನೊಂದಿಲ್ಲ. ನಾನು 22ನೇ ತಾರೀಖಿಗೆ ಸೋಯಾಕ್ಕೆ ನೀರು ಕೊಡೋಕೆ ಶುರು ಮಾಡಿದೆ, ಅಷ್ಟರಲ್ಲಿ ಹೂವು ಉದುರಿ ಆಗಿತ್ತು. ರಾಶಿ ಮಾಡಿದಾಗ ಎಕರೆಗೆ ನಾಲ್ಕು ಕ್ವಿಂಟಲ್ ಚಿಲ್ಲರೆ. ಕಾಕಾನ ಹೊಲದಲ್ಲಿ ಆರರ ಮೇಲೆ. ತೋಟಗಾರಿಕೆ ಪದವಿ ಇದ್ದವನು ನಾನು, ಎಡೆಕುಂಟೆ ಇದ್ದವರು ಅವರು!

ಆಮೇಲೆ ಒಂದು ಪ್ರಶ್ನೆ ತಲೆಯಲ್ಲಿ ಉಳೀತು. ಮಳೆ ಬರೋದನ್ನ ಹುಡುಕೋಕೆ ನಮಗೆ ಎಲ್ಲಾ ಕಲಿಸಿದ್ದಾರೆ. ಪತ್ರಿಕೆಯಲ್ಲಿ ‘ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ’ ಅಂತ ದೊಡ್ಡ ಅಕ್ಷರದಲ್ಲಿ ಬರುತ್ತೆ. ಆದರೆ ಮಳೆಯನ್ನ ತಡೆಯೋ ವಾಯುಭಾರದ ಏರಿಕೆ ಬಗ್ಗೆ ಯಾರೂ ಒಂದು ಸಾಲು ಬರೆಯಲ್ಲ. ಅದನ್ನ ಗುರುತಿಸೋದು ಹೇಗೆ, ಅಳೆಯೋದು ಹೇಗೆ ಅಂತ ಎರಡು ಹಂಗಾಮು ಕೂತು ಕಲಿತೆ. ಈ ವಾರ ಅದನ್ನೇ ಬರೀತಿದ್ದೀನಿ. ಸ್ವಲ್ಪ ಲೆಕ್ಕ ಇದೆ, ಕೂಡೋದು ಕಳೆಯೋದು ಮಾತ್ರ.

ಗಾಳಿಗುಡ್ಡ ಅಂದ್ರೆ ಏನು?

ವಾಯುಭಾರ ಕುಸಿತದಲ್ಲಿ ಗಾಳಿ ಸುತ್ತಲಿಂದ ಒಳಗೆ ನುಗ್ಗಿ ಮೇಲೇರುತ್ತೆ. ಮೇಲೇರಿದ ಗಾಳಿ ತಣ್ಣಗಾಗಿ ಅದರಲ್ಲಿನ ತೇವ ಮೋಡವಾಗುತ್ತೆ. ಅಧಿಕ ಒತ್ತಡದಲ್ಲಿ ಇದರ ಉಲ್ಟಾ: ಗಾಳಿ ಮೇಲಿಂದ ಕೆಳಗೆ ಇಳಿಯುತ್ತೆ. ಇಳಿಯೋ ಒಣ ಗಾಳಿ ಪ್ರತಿ ಕಿಲೋಮೀಟರ್‌ಗೆ ಸುಮಾರು 10 ಡಿಗ್ರಿ ಬಿಸಿಯಾಗುತ್ತೆ. ಬಿಸಿಯಾದಷ್ಟೂ ಮೋಡ ಕರಗುತ್ತೆ. ಕೆಳಗಿನ ತೇವ ಮೇಲೇರೋಕೆ ಹೋದರೆ ಈ ಬಿಸಿ ಪದರ ಪಾತ್ರೆಯ ಮುಚ್ಚಳದ ಹಾಗೆ ತಡೆಯುತ್ತೆ. ಬೆಳಗ್ಗೆ ಮೋಡ ಕಟ್ಟಿ ಮಧ್ಯಾಹ್ನ ಚದುರಿ ಹೋಗೋದನ್ನ ನೀವೂ ನೋಡಿರ್ತೀರಿ.

ಸಾಮಾನ್ಯವಾಗಿ ಇಂಥ ಒತ್ತಡದ ಗುಡ್ಡಗಳು ಒಂದು ಕಡೆ ನಿಲ್ಲಲ್ಲ. ಭೂಮಿಯ ಮಧ್ಯ ಅಕ್ಷಾಂಶಗಳಲ್ಲಿ, ಅಂದ್ರೆ ಹಿಮಾಲಯದಿಂದ ಉತ್ತರಕ್ಕೆ, 9ರಿಂದ 12 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯೋ ಗಾಳಿಯ ಹೊಳೆ ಇದೆ, ಜೆಟ್ ಪ್ರವಾಹ ಅಂತಾರೆ. ಈ ಹೊಳೆ ಗುಡ್ಡಗಳನ್ನೂ ತಗ್ಗುಗಳನ್ನೂ ಒಂದರ ಹಿಂದೆ ಒಂದು ತಳ್ಕೊಂಡು ಹೋಗುತ್ತೆ. ಆದರೆ ಮಾಂಜ್ರಾ ಹೊಳೆ ತಿರುವಿನಲ್ಲಿ ಬಳಸಿಕೊಂಡು ಹೋಗೋ ಹಾಗೆ, ಕೆಲವೊಮ್ಮೆ ಈ ಗಾಳಿಹೊಳೆಯ ಸುಳಿವು ಬಹಳ ಅಗಲವಾಗಿ, ಒಂದು ಗುಡ್ಡ ದಾರಿಯ ನಡುವೆಯೇ ಕೂತುಬಿಡುತ್ತೆ. ಗಾಳಿ ಅದನ್ನ ಬಳಸಿ ಉತ್ತರಕ್ಕೆ ಹೋಗಿ ಮತ್ತೆ ದಕ್ಷಿಣಕ್ಕೆ ಇಳಿಯಬೇಕಾಗುತ್ತೆ. ನಕ್ಷೆಯಲ್ಲಿ ಅದು ಕುದುರೆ ಲಾಳದ ಆಕಾರದಲ್ಲಿ ಕಾಣುತ್ತೆ. ಇದನ್ನೇ ಬ್ಲಾಕಿಂಗ್ ಹೈ ಅನ್ನೋದು. ನಾನು ನನ್ನ ನೋಟ್‌ಬುಕ್‌ನಲ್ಲಿ ಗಾಳಿಗುಡ್ಡ ಅಂತ ಬರೀತೀನಿ.

ಗುಡ್ಡದ ಕೆಳಗೆ ಇದ್ದವರಿಗೆ ಬಿಸಿಲು, ಅದರ ಪಕ್ಕದ ತಗ್ಗಿನಲ್ಲಿ ಸಿಕ್ಕಿದವರಿಗೆ ಬಿಡದ ಮಳೆ. 2010ರ ಜುಲೈ-ಆಗಸ್ಟ್‌ನಲ್ಲಿ ಪಶ್ಚಿಮ ರಷ್ಯಾದ ಮೇಲೆ ಇಂಥದ್ದೊಂದು ವಾರಗಟ್ಟಲೆ ಕೂತಿತ್ತು. ಅಲ್ಲಿ ಗೋಧಿ ಸುಟ್ಟುಹೋಗಿ ರಷ್ಯಾ ಸರ್ಕಾರ ರಫ್ತನ್ನೇ ನಿಲ್ಲಿಸಿತು. ಅದೇ ಹೊತ್ತಿಗೆ ಪಾಕಿಸ್ತಾನದಲ್ಲಿ ಭೀಕರ ಪ್ರವಾಹ. ಎರಡಕ್ಕೂ ನಂಟಿದೆ ಅಂತ ಆಮೇಲೆ ಬಂದ ಅಧ್ಯಯನಗಳು ಹೇಳಿದವು. 2021ರ ಜೂನ್ 29ಕ್ಕೆ ಕೆನಡಾದ ಲಿಟ್ಟನ್ ಅನ್ನೋ ಊರಲ್ಲಿ 49.6 ಡಿಗ್ರಿ ಮುಟ್ಟಿತ್ತಲ್ಲ, ಅದೂ ಕುದುರೆ ಲಾಳದ ಗುಡ್ಡವೇ.

ರಷ್ಯಾದ ಗುಡ್ಡಕ್ಕೂ ಬೀದರ್ ಸೋಯಾಕ್ಕೂ ಏನು ಸಂಬಂಧ?

ಇದೇ ಪ್ರಶ್ನೆ ಕಾಕಾನೂ ಕೇಳಿದ್ರು. “ಅಲ್ಲಿ ಎಲ್ಲೋ ಗಾಳಿ ನಿಂತ್ರ ಇಲ್ಲಿ ಮಳಿ ಯಾಕ್ ನಿಲ್ತದ?”

ನಮ್ಮ ಮುಂಗಾರು ನಿಂತಿರೋದು ಒಂದು ಕಡಿಮೆ ಒತ್ತಡದ ಪಟ್ಟಿ ಮೇಲೆ. ರಾಜಸ್ಥಾನದಿಂದ ಬಂಗಾಳ ಕೊಲ್ಲಿವರೆಗೆ ಹಾಸಿರುವ ಈ ಪಟ್ಟಿ ತನ್ನ ಜಾಗದಲ್ಲಿ ಇದ್ದರೆ ಮಧ್ಯ ಭಾರತಕ್ಕೆ, ನಮ್ಮ ಕಡೆಗೆ ಮಳೆ. ಅದು ಹಿಮಾಲಯದ ಬುಡಕ್ಕೆ ಸರಿದರೆ ಅಲ್ಲಿ ಜೋರು ಮಳೆ, ನಮಗೆ ಬಿಡುವು. ಇದಕ್ಕೆ ಹವಾಮಾನದವರು ‘ಬ್ರೇಕ್ ಮಾನ್ಸೂನ್’ ಅಂತಾರೆ. ಈ ಪಟ್ಟಿ ಸರಿಯೋದಕ್ಕೆ ಉತ್ತರದ ಪಶ್ಚಿಮ ಗಾಳಿಯ ನಂಟಿದೆ ಅಂತ ಸಿ. ರಾಮಸ್ವಾಮಿ 1962ರಲ್ಲೇ ಬರೆದಿದ್ದರು. ಆಮೇಲೆ 1981ರಲ್ಲಿ ಸಿ.ಆರ್.ವಿ. ರಾಮನ್ ಮತ್ತು ವೈ.ಪಿ. ರಾವ್ ಅವರು ‘ನೇಚರ್’ ಪತ್ರಿಕೆಯಲ್ಲಿ ಏಷ್ಯಾದ ಮೇಲೆ ಕೂರುವ ಬ್ಲಾಕಿಂಗ್ ಹೈಗಳಿಗೂ ಭಾರತದ ಬರಗಾಲಗಳಿಗೂ ಸಂಬಂಧ ಇದೆ ಅಂತ ತೋರಿಸಿದರು. (ಇವರು ನೊಬೆಲ್ ಪಡೆದ ಸಿ.ವಿ. ರಾಮನ್ ಅಲ್ಲ, ಬೇರೆ.)

ನಡೆಯೋದು ಸುಮಾರು ಹೀಗೆ. ಪೂರ್ವ ಏಷ್ಯಾದ ಕಡೆ ಗುಡ್ಡ ಕೂತರೆ ಅದರ ಹಿಂದೆ ಪಶ್ಚಿಮದಿಂದ ಬರ್ತಿರೋ ತಗ್ಗು ಮುಂದೆ ಹೋಗೋಕಾಗದೆ ಪಾಕಿಸ್ತಾನ, ವಾಯವ್ಯ ಭಾರತದ ಮೇಲೆ ಸಿಕ್ಕಿಹಾಕಿಕೊಳ್ಳುತ್ತೆ. ರಸ್ತೆಯಲ್ಲಿ ಮುಂದೆ ಕಬ್ಬಿನ ಲಾರಿ ಕೆಟ್ಟು ನಿಂತರೆ ಹಿಂದಿನ ಬಸ್ಸು ನಮ್ಮ ಮನೆ ಮುಂದೆ ನಿಲ್ಲೋ ಹಾಗೆ. ಸಿಕ್ಕಿಕೊಂಡ ತಗ್ಗು ಮುಂಗಾರು ಪಟ್ಟಿಯನ್ನ ಉತ್ತರಕ್ಕೆ ಎಳೆಯುತ್ತೆ, ಮರುಭೂಮಿ ಕಡೆಯ ಒಣ ಗಾಳಿಯನ್ನ ನಮ್ಮ ನೆತ್ತಿ ಮೇಲೆ ತಳ್ಳುತ್ತೆ. 2002ರ ಜುಲೈನಲ್ಲಿ ದೇಶಕ್ಕೆ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾಯ್ತು. ಆಗ ಅರಬ್ಬೀ ಸಮುದ್ರದ ಮೇಲೆ ಒಣ ಗಾಳಿ ಹೇಗೆ ನುಗ್ಗಿತ್ತು ಅನ್ನೋದನ್ನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎಸ್. ಭಟ್ ಅವರು ಅಧ್ಯಯನ ಮಾಡಿದ್ದಾರೆ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು: ಮಳೆ ನಿಂತ ಪ್ರತಿ ಸಲವೂ ಗಾಳಿಗುಡ್ಡವೇ ಕಾರಣ ಅಲ್ಲ. 2023ರ ಆಗಸ್ಟ್‌ಗೆ ಹವಾಮಾನ ಇಲಾಖೆ ಮುಖ್ಯವಾಗಿ ಹೇಳಿದ್ದು ಎಲ್ ನಿನೋ ಮತ್ತು ಸಮಭಾಜಕದ ಹತ್ತಿರ ಪೂರ್ವಕ್ಕೆ ಚಲಿಸುವ ಮೋಡಗಳ ಅಲೆ ನಮಗೆ ಅನುಕೂಲ ಇಲ್ಲದಿದ್ದದ್ದು. ಆ ತಿಂಗಳಿಂದ ನಾನು ಈ ವಿಷಯ ಕಲಿಯೋಕೆ ಶುರು ಮಾಡಿದೆ ಅಷ್ಟೇ, ಅದನ್ನ ಗುಡ್ಡದ ತಲೆಗೆ ಕಟ್ಟುತ್ತಿಲ್ಲ. ಯೂಟ್ಯೂಬ್‌ನಲ್ಲಿ ಎಲ್ಲಕ್ಕೂ ಒಂದೇ ಕಾರಣ ಹೇಳೋರನ್ನ ನಂಬಬೇಡಿ.

ಬೀದರ್ ಗೆರೆಯ ಮೇಲಿದೆ

ಬ್ರೇಕ್ ಅಂತ ಯಾವಾಗ ಕರೀಬೇಕು? ಇದಕ್ಕೂ ಅಳತೆ ಇದೆ. 2010ರಲ್ಲಿ ಎಂ. ರಾಜೀವನ್, ಸುಲೋಚನಾ ಗಾಡ್ಗೀಳ್, ಜ್ಯೋತಿ ಭಾಟೆ ಒಂದು ಲೆಕ್ಕ ಕೊಟ್ಟರು. ಸುಮಾರು 18ರಿಂದ 28 ಡಿಗ್ರಿ ಉತ್ತರ ಅಕ್ಷಾಂಶ, 65ರಿಂದ 88 ಡಿಗ್ರಿ ಪೂರ್ವ ರೇಖಾಂಶದ ನಡುವಿನ ಭಾಗವನ್ನ ಮುಂಗಾರಿನ ಮುಖ್ಯ ವಲಯ ಅಂತ ತಗೋತಾರೆ. ಜುಲೈ-ಆಗಸ್ಟ್‌ನಲ್ಲಿ ಅಲ್ಲಿನ ದಿನದ ಮಳೆ ವಾಡಿಕೆಗಿಂತ ಎಷ್ಟು ಕಡಿಮೆ ಅನ್ನೋದನ್ನ, ಆ ದಿನಕ್ಕೆ ಸಹಜವಾದ ಏರಿಳಿತದಿಂದ ಭಾಗಿಸ್ತಾರೆ. ಬಂದ ಸಂಖ್ಯೆ ಸತತ ಮೂರು ದಿನ ಮೈನಸ್ 1ಕ್ಕಿಂತ ಕೆಳಗಿದ್ದರೆ ಬ್ರೇಕ್.

ಇನ್ನು ನಮ್ಮ ಜಿಲ್ಲೆಯ ನಕ್ಷೆ ತೆಗೆದು ನೋಡಿ. ಬೀದರ್ ನಗರ 17.9 ಡಿಗ್ರಿಯಲ್ಲಿದೆ. ಭಾಲ್ಕಿ 18ನ್ನ ಈಗಷ್ಟೇ ದಾಟಿದೆ. ಔರಾದ್ 18.25. ಅಂದ್ರೆ ಔರಾದ್, ಭಾಲ್ಕಿ ಆ ಪೆಟ್ಟಿಗೆಯ ಒಳಗೆ, ಮನ್ನಳ್ಳಿ ಹೊರಗೆ! ಮೋಡಕ್ಕೆ ಈ ಗೆರೆ ಕಾಣಲ್ಲ ಬಿಡಿ. ಆದರೆ ದೇಶದಲ್ಲಿ ಬ್ರೇಕ್ ಅಂತ ಘೋಷಣೆಯಾದರೆ ಅದು ನಮ್ಮ ಜಿಲ್ಲೆಯ ಬಾಗಿಲಿಗೆ ಸಂಬಂಧಿಸಿದ ಸುದ್ದಿ ಅಂತ ತಿಳ್ಕೋಬೇಕು. ರಾಜ್ಯದ ದಕ್ಷಿಣ ಒಳನಾಡಿಗೆ ಬ್ರೇಕ್ ಹೊತ್ತಲ್ಲಿ ಗುಡುಗು ಮಳೆ ಬರೋದುಂಟು, ಅದನ್ನ ಟಿವಿಯಲ್ಲಿ ನೋಡಿ ನಮಗೂ ಬರುತ್ತೆ ಅಂತ ಕಾಯಬೇಡಿ.

ಈಗ ಅಳೆಯೋಣ

ನೆಲದ ಮೇಲಿನ ಒತ್ತಡ ನೋಡಿದರೆ ಗಾಳಿಗುಡ್ಡ ಸರಿಯಾಗಿ ಕಾಣಲ್ಲ. ಮೇಲೆ ಹೋಗಬೇಕು. ಹವಾಮಾನದವರು ನೋಡೋದು 500 ಹೆಕ್ಟೋಪಾಸ್ಕಲ್ ಮಟ್ಟ. ಸಮುದ್ರ ಮಟ್ಟದಲ್ಲಿ ಒತ್ತಡ ಸುಮಾರು 1000. ಅಂದ್ರೆ ವಾತಾವರಣದ ಅರ್ಧ ತೂಕ ಕೆಳಗೆ ಬಿಟ್ಟು ಮೇಲೆ ಹೋದರೆ ಸಿಗುವ ಎತ್ತರ ಇದು. ನಮ್ಮ ನೆತ್ತಿ ಮೇಲೆ ಸುಮಾರು 5.8 ಕಿಲೋಮೀಟರ್. ಕೆಳಗಿನ ಗಾಳಿ ಬಿಸಿಯಾಗಿ ಹಾಲಿನ ಹಾಗೆ ಉಬ್ಬಿದರೆ ಈ ಮಟ್ಟ ಮೇಲೇರುತ್ತೆ, ತಣ್ಣಗಿದ್ದರೆ ಕೆಳಗಿಳಿಯುತ್ತೆ. ಆದ್ದರಿಂದ ನಕ್ಷೆಯಲ್ಲಿ ಒತ್ತಡದ ಬದಲು ಎತ್ತರವನ್ನೇ ಬರೀತಾರೆ. ಎತ್ತರ ಜಾಸ್ತಿ ಇದ್ದ ಕಡೆ ಗುಡ್ಡ.

ವಿಂಡಿ ಆ್ಯಪ್‌ನಲ್ಲಿ ಸಮರೇಖೆಗಳ ಆಯ್ಕೆಗೆ ಹೋಗಿ 500 ಮಟ್ಟದ ಎತ್ತರ ಆರಿಸಿ. ಮಾದರಿ ಯೂರೋಪಿನದ್ದು ಇರಲಿ. ಗೆರೆಗಳ ಮೇಲೆ ಕೆಲವು ಕಡೆ 5880 ಅಂತ ಮೀಟರ್‌ನಲ್ಲಿ, ಕೆಲವು ಕಡೆ 588 ಅಂತ ಹತ್ತು ಮೀಟರ್ ಲೆಕ್ಕದಲ್ಲಿ ಬರೆದಿರುತ್ತೆ, ಎರಡೂ ಒಂದೇ. ಈಗ ನಕ್ಷೆಯನ್ನ ಕುಗ್ಗಿಸಿ ಇಡೀ ಏಷ್ಯಾ ಕಾಣೋ ಹಾಗೆ ಮಾಡಿ.

ಸಾಮಾನ್ಯ ದಿನಗಳಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋದಂತೆ ಎತ್ತರ ಕಡಿಮೆಯಾಗ್ತಾ ಹೋಗುತ್ತೆ, ಯಾಕಂದ್ರೆ ಉತ್ತರ ತಣ್ಣಗಿದೆ. ಗುಡ್ಡ ಕೂತಾಗ ಈ ಇಳಿಜಾರು ಉಲ್ಟಾ ಆಗುತ್ತೆ. ಈ ಸರಳ ಗುಟ್ಟಿನ ಮೇಲೆಯೇ ಅಳತೆ ನಿಂತಿದೆ. 1950ರಲ್ಲಿ ಡೇನಿಯಲ್ ರೆಕ್ಸ್ ಅನ್ನೋರು ನಕ್ಷೆ ನೋಡಿ ಕಣ್ಣಂದಾಜಿನಿಂದ ಬ್ಲಾಕಿಂಗ್‌ಗೆ ಲಕ್ಷಣ ಬರೆದರು. 1990ರಲ್ಲಿ ಟಿಬಾಲ್ಡಿ ಮತ್ತು ಮೊಲ್ಟೆನಿ ಅದನ್ನ ಯಾರು ಬೇಕಾದರೂ ಲೆಕ್ಕ ಹಾಕೋ ಹಾಗೆ ಮಾಡಿದರು. ಒಂದು ರೇಖಾಂಶ ತಗೊಳ್ಳಿ, ಅದರ ಮೇಲೆ 40, 60, 80 ಡಿಗ್ರಿ ಉತ್ತರದಲ್ಲಿ ಎತ್ತರ ಓದ್ಕೊಳ್ಳಿ. ಎರಡು ಇಳಿಜಾರು ಲೆಕ್ಕ ಹಾಕಿ.

ದಕ್ಷಿಣದ ಇಳಿಜಾರು: 60ರ ಎತ್ತರದಿಂದ 40ರ ಎತ್ತರ ಕಳೆದು 20ರಿಂದ ಭಾಗಿಸಿ. ಇದು ಸೊನ್ನೆಗಿಂತ ಹೆಚ್ಚಿರಬೇಕು.

ಉತ್ತರದ ಇಳಿಜಾರು: 80ರ ಎತ್ತರದಿಂದ 60ರ ಎತ್ತರ ಕಳೆದು 20ರಿಂದ ಭಾಗಿಸಿ. ಇದು ಮೈನಸ್ 10ಕ್ಕಿಂತ ಕಡಿಮೆ ಇರಬೇಕು.

ಉದಾಹರಣೆಗೆ ನಾನೇ ಕೊಡ್ತಿರೋ ಸಂಖ್ಯೆಗಳು ನೋಡಿ. 40ರಲ್ಲಿ 5850, 60ರಲ್ಲಿ 5600, 80ರಲ್ಲಿ 5450 ಮೀಟರ್ ಇದೆ ಅಂದ್ಕೊಳ್ಳಿ. ದಕ್ಷಿಣದ್ದು ಮೈನಸ್ 12.5, ಉತ್ತರದ್ದು ಮೈನಸ್ 7.5. ಗುಡ್ಡ ಇಲ್ಲ, ಹೊಳೆ ಹರೀತಿದೆ. ಇನ್ನೊಂದು ದಿನ 40ರಲ್ಲಿ 5760, 60ರಲ್ಲಿ 5800, 80ರಲ್ಲಿ 5540. ದಕ್ಷಿಣದ್ದು ಪ್ಲಸ್ 2, ಉತ್ತರದ್ದು ಮೈನಸ್ 13. ಎರಡೂ ಷರತ್ತು ಕೂಡಿಬಂತು, ಆ ರೇಖಾಂಶದಲ್ಲಿ ದಾರಿ ಬಂದ್. ಎರಡನೇ ಷರತ್ತು ಯಾಕೆ ಅಂದ್ರೆ, ಗುಡ್ಡದ ಉತ್ತರಕ್ಕೆ ಪಶ್ಚಿಮ ಗಾಳಿ ಜೋರಾಗಿ ಬಳಸಿ ಹೋಗ್ತಿರಬೇಕು. ಇಲ್ಲದಿದ್ದರೆ ಅದು ಬ್ಲಾಕಿಂಗ್ ಅಲ್ಲ, ಬೇರೇನೋ. ಗುಡ್ಡ ಸರಿಯಾಗಿ 60ರ ಮೇಲೇ ಕೂರಬೇಕು ಅಂತ ಕಾನೂನಿಲ್ಲವಲ್ಲ, ಅದಕ್ಕೆ ಮೂರೂ ಗೆರೆಗಳನ್ನ 4 ಡಿಗ್ರಿ ಮೇಲೆ, 4 ಡಿಗ್ರಿ ಕೆಳಗೆ ಸರಿಸಿ ಮತ್ತೆ ನೋಡ್ತಾರೆ. ಯಾವುದಾದರೂ ಒಂದರಲ್ಲಿ ಕೂಡಿಬಂದರೆ ಸಾಕು.

ಒಂದೇ ರೇಖಾಂಶದಲ್ಲಿ, ಒಂದೇ ದಿನ ಕಂಡರೆ ಲೆಕ್ಕಕ್ಕಿಲ್ಲ. ಅಕ್ಕಪಕ್ಕದ ರೇಖಾಂಶಗಳಲ್ಲೂ ಇರಬೇಕು, ಮತ್ತೆ ನಾಲ್ಕೈದು ದಿನವಾದರೂ ಅಲ್ಲಾಡದೆ ಇರಬೇಕು. ನಾನು 60, 80, 100, 120, 140 ಡಿಗ್ರಿ ಪೂರ್ವ ಹೀಗೆ ಐದು ಕಡೆ ನೋಡ್ತೀನಿ. ಉರಲ್ ಪರ್ವತದಿಂದ ಬೈಕಲ್ ಸರೋವರ ದಾಟಿ ಓಖೋಟ್ಸ್ಕ್ ಸಮುದ್ರದವರೆಗೆ ಬರುತ್ತೆ. ಎಲ್ಲಾದರೂ ಸಿಕ್ಕರೆ ಅದರ ಅಕ್ಕಪಕ್ಕ 5 ಡಿಗ್ರಿ ಸರಿಸಿ ಮತ್ತೆ ಓದ್ತೀನಿ. ಚಹಾ ಕುಡಿಯೋ ಹೊತ್ತಲ್ಲಿ ಮುಗಿಯೋ ಕೆಲಸ.

ಈ ಲೆಕ್ಕವನ್ನ ಬೀದರ್ ಮೇಲೆ ಹಾಕೋಕೆ ಹೋಗಬೇಡಿ. 18 ಡಿಗ್ರಿಯಲ್ಲಿ ಇದು ನಡೆಯಲ್ಲ. ನಮ್ಮ ಮೇಲಿನ ಗಾಳಿಯ ಸ್ವಭಾವವೇ ಬೇರೆ. ಟಿಬೆಟ್ ಮೇಲಿನ ಪ್ರಸಿದ್ಧ ಅಧಿಕ ಒತ್ತಡವೂ ಇದಲ್ಲ. ಅದು ಇನ್ನೂ ಎತ್ತರದಲ್ಲಿ ಇರೋದು, ಮುಂಗಾರಿಗೆ ಅದು ಇದ್ದರೇ ಒಳ್ಳೇದು.

ಇನ್ನೊಂದು ಸ್ವಾರಸ್ಯ. ಟಿಬಾಲ್ಡಿ, ಮೊಲ್ಟೆನಿ ಈ ಅಳತೆ ಮಾಡಿದ್ದೇ ಯೂರೋಪಿನ ಮುನ್ಸೂಚನೆ ಮಾದರಿಯನ್ನ ಪರೀಕ್ಷಿಸೋಕೆ. ಕೆಲವು ದಿನಗಳ ಆಚೆಗೆ ಹೋದರೆ ಮಾದರಿ ಬ್ಲಾಕಿಂಗನ್ನ ಕಡಿಮೆ ತೋರಿಸ್ತಿತ್ತು, ಅಂದ್ರೆ ಅಡ್ಡ ಕೂತ ಗುಡ್ಡವನ್ನ ಕಂಪ್ಯೂಟರ್ ಬೇಗ ಎಬ್ಬಿಸಿ ಕಳಿಸಿಬಿಡ್ತಿತ್ತು. ಈಗಿನ ಮಾದರಿಗಳು ಆಗಿನದಕ್ಕಿಂತ ಎಷ್ಟೋ ಉತ್ತಮ. ಆದರೂ ಗುಡ್ಡ ಯಾವಾಗ ಕೂರುತ್ತೆ, ಯಾವಾಗ ಏಳುತ್ತೆ ಅನ್ನೋ ಎರಡು ದಿನಗಳಲ್ಲೇ ಅವು ಹೆಚ್ಚು ತಪ್ಪೋದು. ಆ್ಯಪ್‌ನ ಎಂಟನೇ ದಿನದ ಮಳೆ ಚಿತ್ರವನ್ನ ನಾನು ಈಗ ನೋಡೋದೇ ಇಲ್ಲ.

ಮೊಬೈಲ್ ಒಳಗಿನ ಬ್ಯಾರೋಮೀಟರ್

ಕೆಲವು ಫೋನುಗಳಲ್ಲಿ ಒತ್ತಡ ಅಳೆಯೋ ಸೆನ್ಸರ್ ಇರುತ್ತೆ. ಬೀದರ್ ಸಮುದ್ರ ಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿ ಇರೋದ್ರಿಂದ ಇಲ್ಲಿ 930-940ರ ಆಸುಪಾಸು ತೋರಿಸುತ್ತೆ. ಪತ್ರಿಕೆಯಲ್ಲಿ 1005 ಅಂತ ಇರುತ್ತಲ್ಲ, ನನ್ನ ಫೋನ್ ಕೆಟ್ಟಿದೆಯಾ ಅಂತ ಒಬ್ಬ ಗೆಳೆಯ ಕೇಳಿದ್ದ. ಕೆಟ್ಟಿಲ್ಲ. ಪತ್ರಿಕೆಯವರು ಸಮುದ್ರ ಮಟ್ಟಕ್ಕೆ ತಿರುಗಿಸಿ ಬರೀತಾರೆ. ಮತ್ತೆ ಒಂದು ಮೋಸ ಇದೆ. ನಮ್ಮ ಕಡೆ ಒತ್ತಡ ದಿನಾ ಉಸಿರಾಡುತ್ತೆ: ಬೆಳಗ್ಗೆ 10 ಮತ್ತು ರಾತ್ರಿ 10ರ ಸುಮಾರಿಗೆ ಏರಿಕೆ, ಸಂಜೆ 4 ಮತ್ತು ನಸುಕಿನ 4ಕ್ಕೆ ಇಳಿಕೆ. ಬೆಳಗ್ಗೆಗೂ ಸಂಜೆಗೂ ಮೂರ್ನಾಲ್ಕು ಹೆಕ್ಟೋಪಾಸ್ಕಲ್ ವ್ಯತ್ಯಾಸ ಸಹಜ. ಸಂಜೆ ನೋಡಿ ‘ಒತ್ತಡ ಇಳೀತು, ಮಳೆ ಬಂತು’ ಅಂತ ಕುಣಿಬೇಡಿ. ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಬರೆದಿಟ್ಟು ನಿನ್ನೆಯದಕ್ಕೆ ಹೋಲಿಸಿ. ನಿಜ ಹೇಳ್ಬೇಕಂದ್ರೆ ಗಾಳಿಗುಡ್ಡದ ವಿಷಯದಲ್ಲಿ ಇದರಿಂದ ಉಪಯೋಗ ಕಡಿಮೆ.

ನಾನು ಹೊಲದಲ್ಲಿ ಏನು ಮಾಡ್ತೀನಿ

ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ವಿಸ್ತರಿತ ಮುನ್ಸೂಚನೆ ಹಾಕುತ್ತೆ. ವಾರಕ್ಕೊಂದು ನಕ್ಷೆ ಇರುತ್ತೆ. ಮೊದಲ ಎರಡು ವಾರ ನೋಡಿದರೆ ಸಾಕು. ನಮ್ಮ ಭಾಗ ಎರಡೂ ವಾರ ಕೊರತೆ ಬಣ್ಣದಲ್ಲಿ ಇದ್ದರೆ ಮೊದಲ ಗಂಟೆ ಬಾರಿಸಿತು ಅಂತ ಅರ್ಥ. ಎರಡನೇದು ಮೇಲಿನ ಲೆಕ್ಕ: ಏಷ್ಯಾದ ಮೇಲೆ ಗುಡ್ಡ ಇದೆಯಾ, ಐದು ದಿನ ಮುಂದಕ್ಕೆ ಸರಿಸಿ ನೋಡಿದರೂ ಅಲ್ಲೇ ಇದೆಯಾ? ಮೂರನೇದು ವಿಂಡಿಯಲ್ಲಿ 700 ಮಟ್ಟದ, ಅಂದ್ರೆ ಸುಮಾರು 3 ಕಿಲೋಮೀಟರ್ ಎತ್ತರದ ತೇವಾಂಶ. ಅಲ್ಲಿ ವಾಯವ್ಯದಿಂದ ಒಣ ನಾಲಿಗೆಯೊಂದು ಮಹಾರಾಷ್ಟ್ರ ದಾಟಿ ನಮ್ಮ ಮೇಲೆ ಚಾಚಿದ್ದು ಕಂಡರೆ ಕಾಕಾ ಹೇಳಿದ ‘ಒಣಾ ಗಾಳಿ’ ಅದೇ. ಮೂರೂ ಕೂಡಿಬಂದರೆ ಹತ್ತು ದಿನ ಮಳೆ ಇಲ್ಲ ಅಂತಲೇ ತಿಳಿದು ಕೆಲಸ ಮಾಡ್ತೀನಿ. ಎರಡೇ ಬಂದರೆ ಎಡೆ ಹೊಡೆದು ಕಾಯ್ತೀನಿ. ಇದು ಶಾಸ್ತ್ರ ಅಲ್ಲ, ನನ್ನ ಅನುಕೂಲಕ್ಕೆ ಮಾಡ್ಕೊಂಡದ್ದು. ಇದರ ಜೊತೆ ಮೇಘದೂತ್ ಆ್ಯಪ್‌ನಲ್ಲಿ ಬರುವ ಕೃಷಿ ಸಲಹೆಯನ್ನೂ ಓದ್ತೀನಿ.

ಹತ್ತು ದಿನ ಮುಂಚೆ ಗೊತ್ತಾದರೆ ಏನು ಲಾಭ? ನೀರಿನ ಲೆಕ್ಕ ನೋಡಿ. ಒಂದು ಎಕರೆಗೆ 1 ಮಿ.ಮೀ. ನೀರು ಅಂದ್ರೆ 4,047 ಲೀಟರ್. 25 ಮಿ.ಮೀ. ಕೊಡಬೇಕಂದ್ರೆ ಒಂದು ಲಕ್ಷ ಲೀಟರ್ ಮೇಲೆ. ನನ್ನ ಬೋರ್ ಗಂಟೆಗೆ ಸುಮಾರು 4,000 ಲೀಟರ್ ಎತ್ತುತ್ತೆ. ಕರೆಂಟ್ ಏಳು ಗಂಟೆ ಸಿಕ್ಕರೆ ದಿನಕ್ಕೆ 28,000 ಲೀಟರ್. ಶುಂಠಿಯ ಡ್ರಿಪ್‌ಗೆ ದಿನಾ 16,000 ಹೋಗುತ್ತೆ. ಉಳಿಯೋದು 12,000. ಈ ನೀರಲ್ಲಿ ಒಂದು ಎಕರೆ ಸೋಯಾ ಪೂರ್ತಿ ತೋಯಿಸೋಕೆ ಎಂಟು ದಿನ ಬೇಕು, ನಾಲ್ಕು ಎಕರೆಗೆ ಒಂದು ತಿಂಗಳು! ಸಾಲು ಬಿಟ್ಟು ಸಾಲಿಗೆ ಕೊಟ್ಟರೆ ಅರ್ಧ, ಹದಿನೇಳು ದಿನ. ಆಗಸ್ಟ್ 9ಕ್ಕೇ ಶುರು ಮಾಡಿದ್ದರೆ 25-26ರ ಹೊತ್ತಿಗೆ ನಾಲ್ಕೂ ಎಕರೆ ಒಂದು ಸುತ್ತು ಮುಗೀತಿತ್ತು. 22ಕ್ಕೆ ಶುರು ಮಾಡಿದ್ದಕ್ಕೆ ಮೂರನೇ ಎಕರೆ ಮುಗಿಯೋ ಹೊತ್ತಿಗೆ ಸೆಪ್ಟೆಂಬರ್ ಮೊದಲ ವಾರದ ಮಳೆ ಬಂತು, ನೀರು ಕೊಟ್ಟದ್ದೂ ವ್ಯರ್ಥ. ಸೋಯಾಕ್ಕೆ ಹೂವು, ಕಾಯಿ ಕಟ್ಟೋ ಹೊತ್ತಿನ ನೀರೇ ನೀರು. ಆಮೇಲೆ ಎಷ್ಟು ಕೊಟ್ಟರೂ ಉದುರಿದ ಹೂವು ಮರಳಿ ಬರಲ್ಲ. ನಿಮ್ಮ ಬೋರ್‌ನ ಲೆಕ್ಕ ಬೇರೆ ಇರುತ್ತೆ. ಒಂದು ಬಕೆಟ್, ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಇವತ್ತೇ ಅಳೆದುಬಿಡಿ.

ನೀರೇ ಇಲ್ಲದವರಿಗೆ ಎಡೆ ಹೊಡೆಯೋದಕ್ಕಿಂತ ದೊಡ್ಡ ಔಷಧ ಇಲ್ಲ. ಮೇಲಿನ ಎರಡು ಇಂಚು ಮಣ್ಣು ಪುಡಿಯಾದರೆ ಕೆಳಗಿನ ತೇವ ಹೊರಗೆ ಬರೋ ದಾರಿ ಕಡಿಯುತ್ತೆ. ಬಿರುಕು ಬಿಟ್ಟ ಮೇಲೆ ಹೊಡೆದರೆ ಪ್ರಯೋಜನ ಅರ್ಧ, ತೇವ ಇರುವಾಗಲೇ ಹೊಡೀಬೇಕು. ಅದಕ್ಕೇ ಮುನ್ಸೂಚನೆ ಬೇಕಾಗಿರೋದು. ಔರಾದ್, ಭಾಲ್ಕಿಯ ಆಳದ ಕಪ್ಪು ಮಣ್ಣಿನವರಿಗೆ ನಮಗಿಂತ ನಾಲ್ಕೈದು ದಿನ ಹೆಚ್ಚು ಸಮಯ ಸಿಗುತ್ತೆ. ನಮ್ಮ ಕೆಂಪು ಮಣ್ಣು ಬೇಗ ಕೈಬಿಡುತ್ತೆ. ಕಳೆ ತೆಗೆದು ಸಾಲಿನ ನಡುವೆಯೇ ಹಾಸಿ. ಶುಂಠಿಗೆ ಹೊದಿಕೆ ದಪ್ಪ ಮಾಡಿ. ಒಣ ಬಿಡುವಿನಲ್ಲಿ ಥ್ರಿಪ್ಸ್, ಮೈಟ್ ನುಸಿ ಏರೋದು ಖಾತ್ರಿ, ಎಲೆ ಹಿಂಭಾಗ ಮೂರು ದಿನಕ್ಕೊಮ್ಮೆ ತಿರುಗಿಸಿ ನೋಡಿ. ತೊಗರಿ ಬಗ್ಗೆ ಹೆದರಬೇಡಿ, ಅದರ ಬೇರು ಆಳ, ಸೋಯಾ ಜೊತೆ ತೊಗರಿ ಸಾಲು ಹಾಕಿದವರು ಆ ವರ್ಷ ಅರ್ಧ ಉಳಿದರು. ಮೇಲುಗೊಬ್ಬರ, ಜೀವಾಮೃತ ಎಲ್ಲಾ ತೇವ ಬಂದ ಮೇಲೆ.

ಬೇಸಿಗೆಯಲ್ಲೂ ಒತ್ತಡದ ಗುಡ್ಡ ನಮ್ಮ ನೆತ್ತಿ ಮೇಲೆ ಬಂದು ಕೂರೋದುಂಟು, ಆಗಿನ ಕಥೆ ಬೇರೆ. ಟೊಮ್ಯಾಟೊ ಹೂವು ಉದುರೋದು, ಸಸಿಮಡಿ ಬಾಡೋದು ಇತ್ಯಾದಿ. ಅದನ್ನ ಮಾರ್ಚ್ ಹೊತ್ತಿಗೆ ಬರೀತೀನಿ.

ಒಂದು ಕೆಲಸ ಮಾತ್ರ ಒಣ ದಿನಗಳಲ್ಲೇ ಮುಗಿಸಿಕೊಳ್ಳಿ. ಗುಡ್ಡ ಎದ್ದು ಹೋದ ಮೇಲೆ ಮಳೆ ಮೆತ್ತಗೆ ಬರಲ್ಲ, ಹಿಡಿದಿಟ್ಟದ್ದನ್ನೆಲ್ಲ ಒಮ್ಮೆಲೇ ಸುರಿಯೋ ಹಾಗೆ ಬರುತ್ತೆ. ಆ ಸೆಪ್ಟೆಂಬರ್‌ನಲ್ಲಿ ಎರಡೇ ದಿನದ ಮಳೆಗೆ ನನ್ನ ಶುಂಠಿ ಮಡಿಗಳ ನಡುವೆ ನೀರು ನಿಂತು, ದಿನಾ ನೀರು ಕುಡಿಸಿ ಉಳಿಸಿದ್ದ ಬೆಳೆಗೆ ಒಂದು ಮೂಲೆಯಲ್ಲಿ ಕೊಳೆ ರೋಗ ಹತ್ತಿತು. ಈಗ ನೋಟ್‌ಬುಕ್‌ನಲ್ಲಿ ‘ಗುಡ್ಡ ಕೂತಿದೆ’ ಅಂತ ಬರೆದ ದಿನವೇ ಪಕ್ಕದಲ್ಲಿ ‘ಬಸಿಗಾಲುವೆ ತೋಡು’ ಅಂತಲೂ ಬರೀತೀನಿ. ಹೋದ ವರ್ಷ ಬಿರುಬಿಸಿಲಲ್ಲಿ ಕಾಲುವೆ ತೋಡ್ತಿದ್ದಾಗ ಕಾಕಾ ಬದು ಮೇಲೆ ನಿಂತು ಸ್ವಲ್ಪ ಹೊತ್ತು ನೋಡಿದ್ರು. “ಮಳಿ ಇಲ್ದಾಗ ಕಾಲುವಿ ಯಾಕೋ ತಮ್ಮಾ?” ಅಂದ್ರು. ಆಮೇಲೆ ತಾವೂ ಮನೆಗೆ ಹೋಗಿ ಸಲಿಕೆ ತಂದರು.